ಹೇಳಿ ಹೋಗಲು ಬಂದ ಮನ್ರೋ



ನಮ್ಮ ಧರ್ಮಕೇಂದ್ರಗಳಿಗೆ ಬೀಳ್ಕೊಡುಗೆ ಹೊಸದೇನಲ್ಲ. ಗುರುಗಳಿಗೆ ವರ್ಗವಾಗುತ್ತದೆ. ಶಾಲೆಯ ಸಿಸ್ಟರ್ ಬೇರೆ ಕಾನ್ವೆಂಟಿಗೆ ಹೋಗುತ್ತಾರೆ. ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಹಾಸ್ಟೆಲಿನಲ್ಲೋ ಸೇವೆ ಮಾಡಲು ಪರದೇಶದಿಂದ ಬಂದ ಯುವಕ ಯುವತಿಯರು ತಮ್ಮ ದೇಶಕ್ಕೆ ಮರಳುತ್ತಾರೆ. ನಾವು ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ, ತೆಲುಗಿನಲ್ಲೊಂದು ಕನ್ನಡದಲ್ಲೊಂದು ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು, ಊಟ ಬಡಿಸಿ ಕಳುಹಿಸುತ್ತೇವೆ. ಇದೆಲ್ಲ ಉಳಿಯುವವರು ಮಾಡುವ ಕೆಲಸ. ಹೊರಡುವವರು ಮಾಡಬೇಕಾದದ್ದೇನು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರು ಒಂದು ಮಾತನ್ನು ಕಲಿಸಿದ್ದಾರೆ. ಹೊರಡುವಾಗ ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಹೇಳದೆ ಹೋಗುವುದಂತೂ ತಪ್ಪು. ಈ ಮಾತನ್ನು ಅಕ್ಷರಶಃ ಪಾಲಿಸಿದ ಒಬ್ಬ ಪರದೇಶಿಯ ಕಥೆ ನಮ್ಮ ಸೀಮೆಯಲ್ಲೇ ಇದೆ. ಎರಡು ಸಲ ಈ ದೇಶ ಬಿಟ್ಟು ಹೋಗಿ ಎರಡು ಸಲವೂ ಮರಳಿ ಬಂದು, ಮೂರನೆಯ ಸಲ ಹೊರಡುವ ಮುಂಚೆ ಹಳ್ಳಿಗಳಿಗೆ ಹೇಳಿ ಹೋಗಲು ಬಂದವರು ಆದವಾನಿಯ ನೆರೆಯ ಪತ್ತಿಕೊಂಡದಲ್ಲಿ ಪ್ರಾಣ ಬಿಟ್ಟರು. ಅವರ ಹೆಸರು ಸರ್ ಥಾಮಸ್ ಮನ್ರೋ.

ಅವರು ಸಂತರಲ್ಲ, ನಮ್ಮ ಸಭೆಯವರೂ ಅಲ್ಲ. ಸ್ವಯಂಸೇವಕರೂ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸಂಬಳ ಪಡೆದ ಸೈನಿಕ, ಅಧಿಕಾರಿ. ಆದರೂ ಪರಸ್ಥಳದಲ್ಲಿ ಬಾಳಿ, ಕೆಲಸ ಮುಗಿಸಿ, ಹೊರಡುವುದು ಹೇಗೆಂದು ಯೋಚಿಸುವ ಎಲ್ಲರಿಗೂ ಅವರ ಜೀವನದಲ್ಲಿ ಕಲಿಯುವುದಿದೆ.

ಗ್ಲಾಸ್ಗೋದಿಂದ ಮದರಾಸಿಗೆ

ಥಾಮಸ್ ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಆ ವ್ಯಾಪಾರ ನಷ್ಟಕ್ಕೆ ಬಿದ್ದು, ಓದುತ್ತಿದ್ದ ಹುಡುಗ ದುಡಿಮೆ ಹುಡುಕಬೇಕಾಯಿತು. 1780ರ ಜನವರಿಯಲ್ಲಿ, ಹದಿನೆಂಟು ವಯಸ್ಸಿನಲ್ಲಿ, ಕಾಲಾಳು ಪಡೆಯ ಕೆಡೆಟ್ ಆಗಿ ಮದರಾಸಿನಲ್ಲಿ ಇಳಿದರು. ಅದೇ ವರ್ಷ ಹೈದರಾಲಿ ಕರ್ನಾಟಕದ ಬಯಲಿಗೆ ನುಗ್ಗಿದ್ದರಿಂದ ಬಂದ ಕೆಲವೇ ತಿಂಗಳಲ್ಲಿ ಯುದ್ಧಕ್ಕೆ ಹೋಗಬೇಕಾಯಿತು.

ಕಿವಿ ಸ್ವಲ್ಪ ಮಂದ. ಆದರೂ ಭಾಷೆ ಕಲಿಯುವ ಹಠ ಬಿಡಲಿಲ್ಲ. ಮೊದಲು ಹಿಂದೂಸ್ತಾನಿ ಮತ್ತು ಪಾರಸಿ ಕಲಿತರು. ಮುಂದೆ ಕಂದಾಯದ ಕೆಲಸಕ್ಕಾಗಿ ದಕ್ಷಿಣದ ಭಾಷೆಗಳಿಗೂ ಕೈ ಹಾಕಿದರು. ದುಭಾಷಿಯ ಬಾಯಿಂದಷ್ಟೇ ಜನರನ್ನು ಕೇಳುವ ಅಧಿಕಾರಿಗೆ ಜನರ ಕಷ್ಟ ತಿಳಿಯುವುದಿಲ್ಲ ಎಂಬುದು ಅವರ ಕೊನೆಯವರೆಗಿನ ನಂಬಿಕೆ.

1792ರಲ್ಲಿ ಟಿಪ್ಪು ಸುಲ್ತಾನರಿಂದ ಕಂಪನಿಗೆ ಬಂದ ಬಾರಾಮಹಲ್ ಸೀಮೆಗೆ, ಅಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿ ಕಡೆಗೆ, ಅವರನ್ನು ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಕಳುಹಿಸಲಾಯಿತು. ಅಲ್ಲಿನ ಏಳು ವರ್ಷಗಳಲ್ಲಿ ಅವರು ಹೊಲದ ಬದುವಿನ ಮೇಲೆ ನಿಂತು ಕಂದಾಯ ಕಲಿತರು. ನಡುವೆ ಜಮೀನ್ದಾರನೆಂಬವನಿಲ್ಲದೆ, ಉಳುವ ರೈತನ ಹೆಸರಿಗೇ ಪಟ್ಟಾ ಕೊಟ್ಟು ಅವನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ಅಲ್ಲಿ ರೂಪುಗೊಂಡಿತು. ಮುಂದೆ ಅದು ಮನ್ರೋ ಅವರ ಹೆಸರಿಗೇ ಅಂಟಿಕೊಂಡಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಕೆನರಾ ಜಿಲ್ಲೆಯ ಕಲೆಕ್ಟರಾಗಿ ಕಳುಹಿಸಿದರು. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಉಳಿದುಬಂದ ಕರಾವಳಿಯ ಕಥೋಲಿಕರು ತಮ್ಮ ಊರುಗಳಿಗೆ ಮರಳುತ್ತಿದ್ದ ದಿನಗಳವು. ಕಾರವಾರದಿಂದ ಮಂಗಳೂರಿನವರೆಗೆ ಎಡೆಬಿಡದ ಮಳೆಯಲ್ಲಿ ಸುತ್ತಿದ ಮನ್ರೋ ಅವರಿಗೆ ಆ ಸೀಮೆ ಒಗ್ಗಲಿಲ್ಲ. ವರ್ಷ ತುಂಬುವುದರೊಳಗೆ ವರ್ಗ ಕೇಳಿಕೊಂಡರು. ಆಗ ಬಂದದ್ದೇ ನಮ್ಮ ಕಡೆಗೆ.

ದತ್ತಮಂಡಲದ ಏಳು ವರ್ಷ

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ದತ್ತಮಂಡಲವೆಂದು ಹೆಸರಾದ ಇದೇ ನಾಡಿನಲ್ಲಿ ಆದವಾನಿ, ಆಲೂರು, ಪತ್ತಿಕೊಂಡಗಳೂ ಇದ್ದವು. ಕರ್ನೂಲು ಪಟ್ಟಣ ಇನ್ನೂ ನವಾಬರ ಕೈಯಲ್ಲಿತ್ತು. ನಮ್ಮ ಆದವಾನಿ ಅಂದಿನಿಂದ ಬಳ್ಳಾರಿ ಜೊತೆಗೇ ಇದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಕರ್ನೂಲು ಜಿಲ್ಲೆಗೆ ಸೇರಿದ್ದನ್ನು ನಮ್ಮ ಹಿರಿಯರು ಬಲ್ಲರು.

ಈ ಹೊಸ ಸೀಮೆಗೆ ಮನ್ರೋ ಪ್ರಧಾನ ಕಲೆಕ್ಟರ್. ಹಂಪೆ ಹಾಳಾದ ಮೇಲೆ ಇಲ್ಲಿ ನೆಮ್ಮದಿಯ ಆಳ್ವಿಕೆ ಎಂಬುದು ಅಪರೂಪವಾಗಿತ್ತು. ಸುಮಾರು 80 ಜನ ಪಾಳೇಗಾರರು ತಮ್ಮ ತಮ್ಮ ಬಂಟರನ್ನು ಇಟ್ಟುಕೊಂಡು ಸುಲಿಗೆ ನಡೆಸುತ್ತಿದ್ದರು. ಮನ್ರೋ ಅವರನ್ನು ಒಬ್ಬೊಬ್ಬರಾಗಿ ಅಡಗಿಸಿದರು. ಕೆಲವರಿಗೆ ವರ್ಷಾಶನ ಕಟ್ಟಿದರು, ಕೆಲವರನ್ನು ಸೀಮೆಯಿಂದ ಓಡಿಸಿದರು. ಹೊಲ ಹೊಲವನ್ನೂ ಅಳೆಸಿ, ಮಣ್ಣಿನ ಗುಣ ನೋಡಿ, ದರ ಕಟ್ಟಿಸಿದರು. ಮೊದಲ ವರ್ಷಗಳಲ್ಲಿ ಅವರಿಗೆ ಮನೆಯೇ ಇರಲಿಲ್ಲ. ಡೇರೆಯೇ ಮನೆ, ಡೇರೆಯೇ ಕಚೇರಿ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುತ್ತ, ಮರದ ಕೆಳಗೆ ಕುಳಿತು ಗೌಡ, ಶಾನುಭೋಗ, ರೈತರ ಅಹವಾಲು ಕೇಳುತ್ತಿದ್ದರು. ಕಾವಲಿನ ಸಿಪಾಯಿಗಳಿಲ್ಲದೆ ತಿರುಗಾಡುವುದು ಅವರ ರೂಢಿ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಆಳುವವರ ಕಂದಾಯ ಹಗುರಾಗಿರಲಿಲ್ಲ. ಏಳು ವರ್ಷಗಳಲ್ಲಿ ಈ ಸೀಮೆಯ ಹುಟ್ಟುವಳಿ ಒಂದೂವರೆ ಪಟ್ಟಾಯಿತು. ಆ ಹಣವೆಲ್ಲ ಬಂದದ್ದು ನಮ್ಮ ಎರೆ ಹೊಲಗಳ ಜೋಳ, ನವಣೆ, ಹತ್ತಿಯಿಂದ. ಪತ್ತಿಕೊಂಡಕ್ಕೆ ಹತ್ತಿರದ ತೆರ್ನೇಕಲ್ಲಿನ ಜನ 1801ರಲ್ಲಿ ಕಂದಾಯ ಕೊಡಲೊಪ್ಪದೆ ಎದುರು ನಿಂತರು. ಕಂಪನಿಯ ಸೈನ್ಯ ಆ ಊರಿನ ಕೋಟೆಯ ಮೇಲೆ ದಾಳಿ ಮಾಡಿತು. ಊರ ಮುಖಂಡ ಮುತ್ತುಕೂರು ಗೌಡಪ್ಪನಿಗೆ ಗಲ್ಲಾಯಿತು. ಆ ಕಡೆಯವರು ಗೌಡಪ್ಪನನ್ನು ಇಂದಿಗೂ ನೆನೆಯುತ್ತಾರೆ, ನೆನೆಯಲೇಬೇಕು. ಮನ್ರೋ ಅವರ ಒಳ್ಳೆಯತನವನ್ನು ಹೇಳುವಾಗ ಈ ಗಲ್ಲುಗಂಬವನ್ನು ಮರೆಮಾಡುವುದು ನ್ಯಾಯವಲ್ಲ.

ಆದರೆ ಭಾರ ಹೆಚ್ಚಾಗಿದೆಯೆಂದು ಮೇಲಿನವರಿಗೆ ಬರೆದು ತಿಳಿಸಿದವರೂ ಅವರೇ. 1807ರಲ್ಲಿ, ಸೀಮೆ ಬಿಟ್ಟು ಹೊರಡುವ ಮುನ್ನ, ಮನ್ರೋ ಮದರಾಸ್ ಸರ್ಕಾರಕ್ಕೆ ಒಂದು ಶಿಫಾರಸು ಕಳುಹಿಸಿದರು. ತರಿ, ಖುಷ್ಕಿ ಜಮೀನುಗಳ ಕಂದಾಯದಲ್ಲಿ ನೂರಕ್ಕೆ 25ರಷ್ಟನ್ನು ಇಳಿಸಬೇಕು, ಬಾವಿ ನೀರಿನ ತೋಟದ ಜಮೀನಿಗೆ ಇನ್ನೂ ಹೆಚ್ಚು ರಿಯಾಯಿತಿ ಕೊಡಬೇಕು ಎಂಬುದು ಅದರ ಸಾರ. ಹೊರಡುವ ಅಧಿಕಾರಿ ಸಾಮಾನ್ಯವಾಗಿ ತನ್ನ ಸಾಧನೆಯ ಪಟ್ಟಿಯನ್ನು ಬಿಟ್ಟು ಹೋಗುತ್ತಾನೆ. ಮನ್ರೋ ಮಾಡಿದ್ದು ಉಳಿದ ಬಾಕಿಯ ಪಟ್ಟಿ. ಸರ್ಕಾರ ಅದನ್ನು ಒಪ್ಪಲಿಲ್ಲ. ರೈತವಾರಿಯನ್ನೇ ಕೈಬಿಟ್ಟು, ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಹಿಡಿದ ಎಷ್ಟೋ ಜನ ಗೌಡರೂ ರೈತರೂ ನೆಲಕಚ್ಚಿದರು.

ಎರಡು ಸಲ ಹೋಗಿ, ಎರಡು ಸಲ ಬಂದರು

ಇಪ್ಪತ್ತೇಳು ವರ್ಷಗಳ ನಂತರ, 1807ರ ಕೊನೆಯಲ್ಲಿ, ಮನ್ರೋ ಮೊದಲ ಸಲ ಸ್ವದೇಶಕ್ಕೆ ಹಡಗು ಹತ್ತಿದರು. ಹುಡುಗನಾಗಿ ಬಿಟ್ಟ ಊರನ್ನು ನಡುವಯಸ್ಸು ದಾಟಿ ನೋಡಿದರು. ಪರದೇಶದಲ್ಲಿ ಬಹುಕಾಲ ಇದ್ದು ಮರಳಿದವರಿಗೆಲ್ಲ ಆಗುವ ಅನುಭವ ಅವರಿಗೂ ಆಗಿರಬೇಕು. ಬಿಟ್ಟು ಹೋದ ಊರು ಹಾಗೆಯೇ ಕಾದಿರುವುದಿಲ್ಲ. ಅಲ್ಲಿದ್ದಾಗ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಭಾರತದ ಆಡಳಿತದ ಬಗ್ಗೆ ಸಾಕ್ಷ್ಯ ಹೇಳಿದರು. 1814ರ ಮಾರ್ಚಿನಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬವರನ್ನು ಮದುವೆಯಾಗಿ, ನ್ಯಾಯಾಡಳಿತ ಸುಧಾರಣೆಯ ಕಮಿಷನ್ನಿನ ಮುಖ್ಯಸ್ಥರಾಗಿ ಅದೇ ವರ್ಷ ಮದರಾಸಿಗೆ ಹಿಂದಿರುಗಿದರು.

1817ರಲ್ಲಿ ಮರಾಠರೊಡನೆ ಕೊನೆಯ ಯುದ್ಧ ಶುರುವಾಯಿತು. ಮನ್ರೋ ಧಾರವಾಡದ ಕಡೆಯಲ್ಲಿದ್ದರು. ಕೈಯಲ್ಲಿದ್ದ ಸೈನ್ಯ ಬಹಳ ಚಿಕ್ಕದು. ಊರಿನ ಜನರಿಂದಲೇ ಪಡೆ ಕಟ್ಟಿಕೊಂಡು ಮುಂದುವರಿದು ಬಾದಾಮಿ, ಬೆಳಗಾವಿ, ಸೊಲ್ಲಾಪುರ ಕೋಟೆಗಳವರೆಗೆ ಹೋದರು. ಯುದ್ಧ ಮುಗಿದ ಮೇಲೆ ಆರೋಗ್ಯ ಕೆಟ್ಟಿತ್ತು. 1819ರಲ್ಲಿ ಎರಡನೆಯ ಸಲ ಊರಿಗೆ ಹೊರಟರು. ಇನ್ನು ಬರುವುದಿಲ್ಲವೆಂಬ ಎಣಿಕೆ. ಆದರೆ ಅಲ್ಲಿ ಕಾಲಿಟ್ಟ ಸ್ವಲ್ಪ ದಿನಗಳಲ್ಲೇ ಮದರಾಸಿನ ಗವರ್ನರ್ ಪದವಿ ಅವರ ಪಾಲಿಗೆ ಬಂತು. 1820ರ ಜೂನಿನಲ್ಲಿ, ಕೆಡೆಟ್ ಆಗಿ ಇಳಿದ ನಲವತ್ತು ವರ್ಷಗಳ ಬಳಿಕ, ಅದೇ ಮದರಾಸಿನಲ್ಲಿ ಗವರ್ನರಾಗಿ ಅಧಿಕಾರ ವಹಿಸಿಕೊಂಡರು.

ಅವರು ಬಿಟ್ಟು ಹೋಗಿದ್ದ ಬಾಕಿ ಪಟ್ಟಿ ಈಗ ತೀರಿತು. ದತ್ತಮಂಡಲದಲ್ಲಿ ರೈತವಾರಿ ಮತ್ತೆ ಬಂತು. 1807ರಲ್ಲಿ ಕೇಳಿದ್ದ ಕಂದಾಯದ ಇಳಿಕೆ ಹದಿಮೂರು ವರ್ಷ ತಡವಾಗಿ ಜಾರಿಗೆ ಬಂತು. ಅಂದು ಅಹವಾಲು ಹೇಳಿಕೊಂಡಿದ್ದ ಮುದುಕರಲ್ಲಿ ಕೆಲವರಾದರೂ ಅದನ್ನು ಕಣ್ಣಾರೆ ನೋಡಿರಬಹುದು.

ಶಾಲೆಗಳ ಎಣಿಕೆ

ಗವರ್ನರ್ ಮನ್ರೋ ಮಾಡಿಸಿದ ಇನ್ನೊಂದು ಕೆಲಸ ಕನ್ನಡಿಗರಾದ ನಮಗೆ ವಿಶೇಷವಾಗಿ ಬೇಕಾದದ್ದು. ಜನರಿಗೆ ವಿದ್ಯೆ ಇಲ್ಲವೆಂದು ಎಲ್ಲರೂ ಹೇಳುತ್ತಾರೆ, ಆದರೆ ಲೆಕ್ಕ ಇಟ್ಟವರಿಲ್ಲ ಎಂದು ಅವರಿಗೆ ತೋರಿತು. 1822ರಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರರಿಂದ ಊರ ಶಾಲೆಗಳ ಪಟ್ಟಿ ತರಿಸಿದರು. ಇಡೀ ಮದರಾಸ್ ಪ್ರಾಂತದಲ್ಲಿ 12,498 ಶಾಲೆಗಳು ಲೆಕ್ಕಕ್ಕೆ ಸಿಕ್ಕವು.

ಆದವಾನಿಯೂ ಸೇರಿದ್ದ ಬಳ್ಳಾರಿ ಜಿಲ್ಲೆಯ ವರದಿಯನ್ನು ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದರು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಸಂಸ್ಕೃತ ವಿದ್ಯೆಯವು. ಇಂದು ನಮ್ಮ ಪೂಜೆಯಲ್ಲಿ, ಸಂತೆಯಲ್ಲಿ, ಮನೆಯ ಅಂಗಳದಲ್ಲಿ ಕನ್ನಡವೂ ತೆಲುಗೂ ಬೆರೆತು ಕೇಳುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಇನ್ನೂರು ವರ್ಷಗಳ ಹಿಂದೆಯೂ ಈ ಸೀಮೆಯಲ್ಲಿ ಎರಡೂ ಭಾಷೆಗಳ ಮಕ್ಕಳು ಹೆಚ್ಚು ಕಡಿಮೆ ಸರಿಸಮನಾಗಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರು ಎಂಬುದಕ್ಕೆ ಈ ಎಣಿಕೆಯೇ ಸಾಕ್ಷಿ.

ಆ ವರದಿಯಲ್ಲಿ ಇನ್ನೊಂದು ನೋವಿನ ಸಂಗತಿಯೂ ಇತ್ತು. ಬಡತನ ಹೆಚ್ಚಿ, ಮಕ್ಕಳನ್ನು ಶಾಲೆಗೆ ಕಳುಹಿಸಲಾಗದ ಸ್ಥಿತಿ ಬಂದಿದೆಯೆಂದು, ಅದಕ್ಕೆ ಕಂಪನಿಯ ಆಳ್ವಿಕೆಯಿಂದಾದ ಬದಲಾವಣೆಗಳೂ ಕಾರಣವೆಂದು ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಮನ್ರೋ 1826ರಲ್ಲಿ ಪ್ರತಿ ಜಿಲ್ಲೆಗೂ, ಪ್ರತಿ ತಾಲ್ಲೂಕಿಗೂ ಸರ್ಕಾರದ ಖರ್ಚಿನಲ್ಲಿ ಶಾಲೆ ತೆರೆಯುವ ಯೋಜನೆ ಮುಂದಿಟ್ಟರು.

ಅದಕ್ಕೂ ಮುಂಚೆ, 1824ರ ಡಿಸೆಂಬರ್ 31ರಂದು, ಅವರು ಒಂದು ದೀರ್ಘ ಟಿಪ್ಪಣಿ ಬರೆದಿದ್ದರು. ಈ ನಾಡಿನವರನ್ನು ದೊಡ್ಡ ಹುದ್ದೆಗಳಿಂದ ದೂರವಿಟ್ಟರೆ ಅವರ ಆತ್ಮಗೌರವ ಕುಗ್ಗುತ್ತದೆ, ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ ಎಂಬುದು ಅಲ್ಲಿನ ವಾದ. ಜನರು ತಮ್ಮನ್ನು ತಾವೇ ಆಳಿಕೊಳ್ಳಲು ಶಕ್ತರಾಗುವ ದಿನ ಬರಬೇಕು, ಆ ದಿನ ಬಂದಾಗ ಬ್ರಿಟಿಷರು ತಮ್ಮ ಹಿಡಿತ ಬಿಟ್ಟುಕೊಡುವುದೇ ಎರಡೂ ದೇಶಗಳಿಗೆ ಒಳಿತು ಎಂದೂ ಅವರು ಬರೆದರು. ನಮ್ಮವರು ಇನ್ನೂ ಸಿದ್ಧರಿಲ್ಲವೆಂದು ತೀರ್ಮಾನಿಸುವ ಹಕ್ಕು ಪರದೇಶಿಗೆ ಎಲ್ಲಿಂದ ಬಂತೆಂದು ನಾವು ಇಂದು ಕೇಳಬಹುದು. ಆದರೂ, ಕಂಪನಿಯ ಬಲ ಏರುತ್ತಿದ್ದ ಕಾಲದಲ್ಲಿ, ತಾವು ಶಾಶ್ವತವಾಗಿ ಇರಲು ಬಂದವರಲ್ಲ, ಒಂದು ದಿನ ಹೊರಡಬೇಕಾದವರು ಎಂದು ನೆನಪಿಟ್ಟವರು ಬೆರಳೆಣಿಕೆಯ ಜನ. ಬರುವಾಗಲೇ ಹೋಗುವುದನ್ನೂ ನೆನೆದು, ತಾನಿಲ್ಲದೆ ನಡೆಯುವಂತೆ ಕೆಲಸವನ್ನು ಕಟ್ಟುವುದು ಬೀಳ್ಕೊಡುಗೆಯ ಮೊದಲ ಪಾಠ.

ಕೊನೆಯ ಪ್ರವಾಸ

1826ಕ್ಕೆ ಮನ್ರೋ ಅವರಿಗೆ ವಯಸ್ಸು ಅರವತ್ತೈದು. ಹಿರಿಯ ಮಗ ಸ್ವದೇಶದಲ್ಲೇ ಬೆಳೆಯುತ್ತಿದ್ದ. ಇಲ್ಲಿ ಹುಟ್ಟಿದ ಕಿರಿಯ ಮಗನ ಆರೋಗ್ಯ ಸರಿಯಿರಲಿಲ್ಲ. ಅವನನ್ನು ಕರೆದುಕೊಂಡು ಪತ್ನಿ ಆ ವರ್ಷ ಹಡಗು ಹತ್ತಿದರು. ಖಾಲಿಯಾದ ಮನೆಯಲ್ಲಿ, ಗಿಂಡಿಯ ತೋಟದಲ್ಲಿ ಒಬ್ಬರೇ ಅಡ್ಡಾಡುತ್ತ ಮನ್ರೋ ಪತ್ನಿಗೆ ಬರೆದ ಪತ್ರಗಳು ಉಳಿದಿವೆ. ಮಗುವಿನ ಸದ್ದಿಲ್ಲದ ಮನೆ ಅವರಿಗೆ ಬೇಸರ ತಂದಿತ್ತು. ಬರ್ಮಾ ಯುದ್ಧ ಮುಗಿದಿತ್ತು. ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೇಳಿಕೊಂಡಿದ್ದರು. ಅವರ ಜಾಗಕ್ಕೆ ಬರುವವರ ನೇಮಕ ತಡವಾಯಿತು. ಕಾಯಬೇಕಾಯಿತು.

ಆ ಕಾಯುವ ದಿನಗಳನ್ನು ಅವರು ಏನು ಮಾಡಿದರೆಂಬುದೇ ಈ ಕಥೆಯ ತಿರುಳು. ಮದರಾಸಿನಲ್ಲಿ ಔತಣಗಳು, ಮಾನಪತ್ರಗಳು ಬೇಕಾದಷ್ಟು ಸಿಗುತ್ತಿದ್ದವು. ಸಮುದ್ರದ ಗಾಳಿ ಇತ್ತು. ಆದರೆ 1827ರ ಮೇ ತಿಂಗಳ ಕೊನೆಯಲ್ಲಿ, ಬಿಸಿಲು ಇನ್ನೂ ಇಳಿಯದಿರುವಾಗಲೇ, ಅವರು ದತ್ತಮಂಡಲದ ಕಡೆಗೆ ಪ್ರವಾಸ ಹೊರಟರು. ಇಪ್ಪತ್ತು ವರ್ಷಗಳ ಹಿಂದೆ ತಾವು ಡೇರೆ ಹಾಕಿಕೊಂಡು ಬಾಳಿದ ಹಳ್ಳಿಗಳನ್ನು ಕೊನೆಯ ಸಲ ನೋಡಿ, ಅಲ್ಲಿನ ಜನಕ್ಕೆ ಹೇಳಿ ಹೋಗುವುದು ಅವರ ಉದ್ದೇಶ. ದಾರಿಯುದ್ದಕ್ಕೂ ಜನ ಬಂದು ಕಂಡರು. ಅಹವಾಲುಗಳನ್ನು ತಂದರು. ಹೇಳಿ ಹೋಗಲು ಬಂದವರು ಎಂದಿನಂತೆ ಕುಳಿತು ಕೆಲಸವನ್ನೂ ಮಾಡಿದರು.

ಕಾಲರಾ ಆಗ ಈ ನಾಡಿಗೆ ಹತ್ತು ವರ್ಷದ ಹೊಸ ಭಯ. 1817ರಲ್ಲಿ ಬಂಗಾಳದಿಂದ ಹೊರಟ ಆ ರೋಗ ದಂಡು, ಜಾತ್ರೆ, ವ್ಯಾಪಾರದ ದಾರಿಗಳಲ್ಲಿ ಹಬ್ಬಿತ್ತು. ಅದು ಕೊಳೆತ ನೀರಿನಿಂದ ಹರಡುತ್ತದೆಂದು ಲಂಡನ್ನಿನ ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ. ಅಲ್ಲಿಯವರೆಗೆ ಯಾರಿಗೂ ಅದರ ಮೂಲ ತಿಳಿದಿರಲಿಲ್ಲ. ಒಂದೇ ಬಾವಿ, ಒಂದೇ ಹಳ್ಳದ ನೀರು ಕುಡಿಯುತ್ತ ಸಾಗುವ ದಂಡಿಗೆ ಅದು ತಗುಲಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ಜುಲೈ 4ರಂದು ಮನ್ರೋ ಗುತ್ತಿಗೆ ಬಂದರು. ಅಷ್ಟರಲ್ಲಿ ಅವರ ಪರಿವಾರದ ಸಿಪಾಯಿಗಳಲ್ಲಿ ಕಾಲರಾ ಕಾಣಿಸಿಕೊಂಡು ಕೆಲವರು ಸತ್ತಿದ್ದರು. ಪ್ರಯಾಣ ಮುಂದುವರಿದು, ಗುತ್ತಿಯಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರು ದೂರದ ಪತ್ತಿಕೊಂಡ ತಲುಪಿದರು. ಜುಲೈ 6ರ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಕುಳಿತಿದ್ದರು. ಹೊತ್ತು ಏರುವಾಗ ಅವರಿಗೂ ರೋಗ ತಗುಲಿತು. ಜೊತೆಯಲ್ಲಿದ್ದವರು ಹೇಳಿದ್ದನ್ನು ಕೇಳಿ, ಜೀವನಚರಿತ್ರೆ ಬರೆದ ಗ್ಲೀಗ್ 1830ರಲ್ಲಿ ಆ ದಿನವನ್ನು ದಾಖಲಿಸಿದ್ದಾರೆ. ರೋಗ ಅಂಟೀತು, ಡೇರೆಯಿಂದ ಹೊರಗೆ ಹೋಗಿ ಎಂದು ಮನ್ರೋ ತಮ್ಮವರನ್ನು ಮತ್ತೆ ಮತ್ತೆ ಕೇಳಿಕೊಂಡರಂತೆ. ತಮ್ಮಿಂದ ಇತರರಿಗೆ ತೊಂದರೆಯಾಯಿತಲ್ಲ ಎಂದು ಪೇಚಾಡಿದರಂತೆ. ಮಧ್ಯಾಹ್ನ ಸ್ವಲ್ಪ ಚೇತರಿಕೆ ಕಂಡಿತು. ಸಂಜೆಗೆ ಮತ್ತೆ ಕುಸಿದರು. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಪ್ರಾಣ ಹೋಯಿತು. ವಯಸ್ಸು ಅರವತ್ತಾರು.

ಮರುದಿನ ದೇಹವನ್ನು ಗುತ್ತಿಗೆ ಒಯ್ದು, ಕೋಟೆಯ ಬುಡದ ಸ್ಮಶಾನದಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಸಂತ ಮರಿಯಳ ಚರ್ಚಿಗೆ ಸಾಗಿಸಲಾಯಿತು. ಗುತ್ತಿಯಲ್ಲಿ ಗೋರಿಯ ಗುರುತು ಇಂದಿಗೂ ಇದೆ. ಸ್ವದೇಶದಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳಿಗೆ ಆ ಸುದ್ದಿ ಮುಟ್ಟಲು ಹಡಗಿನ ಕಾಲದಲ್ಲಿ ತಿಂಗಳುಗಳೇ ಬೇಕು. ಅವರೊಡನೆ ಕೂಡುವ ದಿನ ಮಾತ್ರ ಬರಲಿಲ್ಲ. ಈ ಬೀಳ್ಕೊಡುಗೆಯ ಬೆಲೆಯನ್ನು ತೆತ್ತವರಲ್ಲಿ ಅವರೂ ಇದ್ದಾರೆ, ಹೆಸರು ಉಳಿಯದ ಆ ಸಿಪಾಯಿಗಳೂ ಇದ್ದಾರೆ.

ಜನರ ನೆನಪು

ಮದರಾಸಿನಲ್ಲಿ ದೊಡ್ಡ ಪ್ರತಿಮೆ ನಿಲ್ಲಿಸಲಾಯಿತು. ಜನರಿಂದ ಚಂದಾ ಎತ್ತಿ, ಶಿಲ್ಪಿ ಚಾಂಟ್ರಿಯಿಂದ ಮಾಡಿಸಿದ ಆ ಕಂಚಿನ ಕುದುರೆ ಸವಾರ 1839ರಿಂದ ಅಲ್ಲಿದ್ದಾರೆ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲವೆಂದು ಚೆನ್ನೈಗೆ ಹೋದವರು ಬೆರಗಿನಿಂದ ನೋಡುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಮಾಡಿದ ಸ್ಮಾರಕಗಳು ಇನ್ನೂ ಹೃದಯಕ್ಕೆ ಹತ್ತಿರ. ಪತ್ತಿಕೊಂಡದಲ್ಲಿ ಅವರು ತೀರಿಕೊಂಡ ಜಾಗದ ಬಳಿ ಮರದ ತೋಪು ಬೆಳೆಸಿ, ಕಲ್ಲು ಕಟ್ಟಿದ ಮೆಟ್ಟಿಲ ಬಾವಿ ತೋಡಿಸಿದರು. ಗುತ್ತಿಯಲ್ಲಿ ದಾರಿಹೋಕರಿಗಾಗಿ ಛತ್ರ ಕಟ್ಟಿಸಿದರು. ಮಳೆ ಕಡಿಮೆಯ ನಾಡಿನಲ್ಲಿ ನೆರಳು, ನೀರು, ತಂಗುವ ಜಾಗಕ್ಕಿಂತ ಮಿಗಿಲಾದ ಸ್ಮಾರಕ ಇನ್ನೇನಿದೆ? ಕೆಟ್ಟ ನೀರು ಕೊಂಡೊಯ್ದ ಜೀವದ ನೆನಪಿಗೆ ಒಳ್ಳೆಯ ನೀರಿನ ಬಾವಿ ಉಳಿಯಿತು.

ಜನ ಅವರನ್ನು ತಮ್ಮದೇ ರೀತಿಯಲ್ಲೂ ಇಟ್ಟುಕೊಂಡರು. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರಿದ್ದರು. ಕಡಪ ಸೀಮೆಯಲ್ಲಿ ಒಂದು ಕಥೆ ಹೇಳುತ್ತಾರೆ. ಶ್ರೀರಾಮನಿಗಾಗಿ ಗಂಡಿಯ ಕಣಿವೆಯಲ್ಲಿ ಕಟ್ಟಿದ ಬಂಗಾರದ ತೋರಣ ಸಾಮಾನ್ಯ ಜನರ ಕಣ್ಣಿಗೆ ಬೀಳುವುದಿಲ್ಲ, ಪುಣ್ಯವಂತರಿಗೆ ಸಾವು ಹತ್ತಿರವಾದಾಗ ಮಾತ್ರ ಕಾಣುತ್ತದೆ, ಕೊನೆಯ ಪ್ರವಾಸದಲ್ಲಿ ಅದು ಮನ್ರೋ ಅವರಿಗೆ ಕಂಡಿತು ಎಂಬುದು ಆ ಕಥೆ. ಮಂತ್ರಾಲಯದ ಕಥೆಯಂತೂ ಕನ್ನಡಿಗರೆಲ್ಲ ಬಲ್ಲದ್ದು. ಮಠದ ಇನಾಮು ಜಮೀನಿನ ವಿಚಾರಣೆಗೆ ಬಂದ ಕಲೆಕ್ಟರ್ ಮನ್ರೋ ಅವರಿಗೆ, 1671ರಲ್ಲೇ ಬೃಂದಾವನಸ್ಥರಾಗಿದ್ದ ರಾಘವೇಂದ್ರ ಸ್ವಾಮಿಗಳು ಕಾಣಿಸಿಕೊಂಡು ಮಾತನಾಡಿದರೆಂದು ಭಕ್ತರು ನಂಬುತ್ತಾರೆ. ನಮ್ಮ ನೆರೆಯವರ ಆ ಭಕ್ತಿಯನ್ನು ಗೌರವಿಸುತ್ತ ನಾವು ಒಂದನ್ನು ಗಮನಿಸಬಹುದು. ಪಾದರಕ್ಷೆ ಕಳಚಿಟ್ಟು, ಟೋಪಿ ತೆಗೆದು ಒಳಗೆ ಹೋದ ಅಧಿಕಾರಿಯಾಗಿ ಆ ಕಥೆಯಲ್ಲಿ ಮನ್ರೋ ಬರುತ್ತಾರೆ. ಆಳಲು ಬಂದವನೊಬ್ಬ ತಮ್ಮ ಹೊಸ್ತಿಲಲ್ಲಿ ತಗ್ಗಿ ನಡೆದದ್ದನ್ನು ಜನ ನೆನಪಿಟ್ಟುಕೊಂಡಿದ್ದಾರೆ.

ಗೌಡಪ್ಪನ ನೆನಪೂ ಮನ್ರೋಲಪ್ಪ ಎಂಬ ಹೆಸರೂ ಒಂದೇ ನೆಲದಲ್ಲಿ ಉಳಿದಿವೆ. ಜನರ ಮನಸ್ಸು ಎರಡನ್ನೂ ಇಟ್ಟುಕೊಳ್ಳುವಷ್ಟು ದೊಡ್ಡದು.

ಹೊರಡುವವರಿಗೊಂದು ಮಾತು

ಸಂತ ಪೌಲರು ಜೆರುಸಲೇಮಿಗೆ ಅವಸರದಲ್ಲಿ ಹೊರಟಿದ್ದಾಗಲೂ, ಎಫೆಸದ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು, ತಮ್ಮ ಸೇವೆಯ ಲೆಕ್ಕ ಒಪ್ಪಿಸಿ, ಮೊಣಕಾಲೂರಿ ಪ್ರಾರ್ಥಿಸಿ, ಅವರ ಕಣ್ಣೀರಿನ ನಡುವೆ ಹಡಗು ಹತ್ತಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮನ್ರೋ ಪ್ರೇಷಿತರಲ್ಲ, ಆದರೆ ಇಬ್ಬರಿಗೂ ಒಂದು ವಿಷಯ ತಿಳಿದಿತ್ತು. ಜೊತೆಗೆ ಬಾಳಿದವರಿಗೆ ಹೇಳದೆ ಹೋಗುವುದು ಅರ್ಧ ಕೆಲಸ ಬಿಟ್ಟು ಹೋದಂತೆ.

ನಮ್ಮ ಧರ್ಮಕೇಂದ್ರಗಳಿಗೆ ದೂರದಿಂದ ಸೇವೆಗೆ ಬರುವವರೂ, ನಮ್ಮಲ್ಲಿಂದ ಬೆಂಗಳೂರಿಗೋ ಗಲ್ಫಿಗೋ ಇಟಲಿಗೋ ದುಡಿಯಲು, ಆರೈಕೆ ಮಾಡಲು ಹೋಗಿ ಮರಳುವ ನಮ್ಮ ಮಕ್ಕಳೂ ಇದನ್ನು ನೆನಪಿಡಬಹುದು. ಹೊರಡುವ ಮುನ್ನ ವೇದಿಕೆಯ ಹಾರಕ್ಕಿಂತ ಮೊದಲು ಮನೆಗಳ ಬಾಗಿಲಿಗೆ ಹೋಗಬೇಕು. ಅಡುಗೆ ಮಾಡಿ ಹಾಕಿದವರು, ಭಾಷೆ ಕಲಿಸಿದವರು, ಜ್ವರ ಬಂದಾಗ ಕಾದವರು ಬಹುಮಟ್ಟಿಗೆ ವೇದಿಕೆಯ ಹತ್ತಿರ ಇರುವುದಿಲ್ಲ. ಕೊಟ್ಟ ಮಾತುಗಳಲ್ಲಿ ತೀರದೆ ಉಳಿದದ್ದೇನೆಂದು ಮುಂದೆ ಬರುವವರಿಗೆ ಬರೆದಿಡಬೇಕು. ನೋವು ಮಾಡಿದ್ದರೆ ಅಲ್ಲಿಗೂ ಹೋಗಬೇಕು. ಉಳಿಯುವ ನಾವೂ ಹಾರ ಶಾಲಿನ ಜೊತೆಗೆ ಅವರಿಗೆ ಅಷ್ಟು ದಿನಗಳ ಬಿಡುವು ಮಾಡಿಕೊಡಬೇಕು. ಕೊನೆಯ ವಾರವೆಲ್ಲ ಸಮಾರಂಭದ ತಯಾರಿಯಲ್ಲೇ ಕಳೆದರೆ ಹೇಳಿ ಹೋಗಲು ಸಮಯವೆಲ್ಲಿ?

ಆದವಾನಿಯಿಂದ ಆಸ್ಪರಿ ದಾರಿಯಾಗಿ ಪತ್ತಿಕೊಂಡಕ್ಕೆ ಹೋಗುವವರು ಆ ಊರಿನಲ್ಲಿ ಒಂದು ಗಳಿಗೆ ನಿಲ್ಲಿ. ಊರಿಗೆ ಮರಳುವ ಹಡಗು ಕಾಯುತ್ತಿದ್ದರೂ, ಸಮುದ್ರಕ್ಕೆ ಬೆನ್ನು ಮಾಡಿ ಈ ಒಣ ಸೀಮೆಗೆ ನಡೆದು ಬಂದ ಒಬ್ಬ ಮುದುಕರ ದಾರಿ ಅಲ್ಲಿಗೆ ಮುಗಿಯಿತು. ಅವರಿಗಾಗಿಯೂ, ಅವರೊಡನೆ ಸತ್ತ ಸಿಪಾಯಿಗಳಿಗಾಗಿಯೂ, ತೆರ್ನೇಕಲ್ಲಿನವರಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸಿ. ಆಮೇಲೆ ನೀವು ಹೇಳದೆ ಬಂದವರು ಯಾರಾದರೂ ಇದ್ದರೆ, ಅವರ ಮನೆಗೆ ಹೋಗಿ ಬನ್ನಿ.